ದೊಡ್ಡಮ್ಮನ ಕೀಮೋ ನಡೀತಿದೆ
"ಎಪ್ಪತ್ತು ದಾಟಿದೋರಿಗೆ ಕೀಮೋ ಎಲ್ಲ ಯಾಕೆ, ಮೈ ತಡ್ಕೊಳ್ಳಲ್ಲ" ಅಂತ ನೋಡೋಕೆ ಬಂದೋರು ಹೇಳ್ತಾರೆ, ಅದೂ ದೊಡ್ಡಮ್ಮನ ಎದುರಿಗೇ. ತುಂಬಾ ಬೇಜಾರಾಗುತ್ತೆ.

ಬರೀ ವಯಸ್ಸು ನೋಡಿ ತೀರ್ಮಾನ ಮಾಡೋ ಕಾಲ ಇದಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ ಆಸ್ಕೋ 2018ರಲ್ಲೇ ಹೇಳಿದೆ: 65 ದಾಟಿದವರಿಗೆ ಕೀಮೋ ಕೊಡುವಾಗ ಓಡಾಟ, ಬಿದ್ದಿದ್ದುಂಟಾ, ನೆನಪು, ಊಟ, ಮನಸ್ಸು, ಬೇರೆ ಕಾಯಿಲೆ ಎಲ್ಲ ನೋಡಿ ಅಂತ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂರೋಕೆ ಎಷ್ಟು ಹೊತ್ತು ಬೇಕು ಅನ್ನೋ ಸಣ್ಣ ಪರೀಕ್ಷೆಯಿಂದಲೂ ಎಷ್ಟೋ ಗೊತ್ತಾಗುತ್ತಂತೆ.

ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ ಶುರುವಾದ ಮೇಲೆ ದೊಡ್ಡಮ್ಮನ ಬೆರಳ ತುದಿ ಜೋಮು ಹಿಡಿದಿದೆ. ರವಿಕೆ ಹುಕ್ಕು ಕೈಗೆ ಸಿಕ್ಕೋದೇ ಇಲ್ಲ. ಅಂಗಾಲೂ ಹಾಗೇ, ಬಚ್ಚಲಿಗೆ ಹೋಗುವಾಗ ಗೋಡೆ ಸವರಿಕೊಂಡೇ ಹೋಗ್ತಾರೆ. ಔಷಧಿ ಹತ್ತಿಸಿಕೊಂಡು ಬಂದ ಮೇಲೆ ಒಂದೆರಡು ದಿನ ಮುಖ ಗೋಡೆ ಕಡೆ ಮಾಡಿ ಮಲಗಿಬಿಡ್ತಾರೆ. ಆಮೇಲೆ ತಾವಾಗೇ ಎದ್ದು ಹಿತ್ತಲಿನ ತನಕ, ಮಾರನೇ ದಿನ ಬೀದಿ ತುದಿ ತನಕ. ಡಾಕ್ಟರೂ ಪ್ರತಿ ಸಲ ಕೇಳೋದು ಇದನ್ನೇ: "ಅಮ್ಮ, ಎಷ್ಟು ದಿನಕ್ಕೆ ಮತ್ತೆ ಓಡಾಡಿದ್ರಿ?" ಈ ಪ್ರಶ್ನೆ ನನಗೆ ಬಹಳ ಇಷ್ಟ.

ನಿಮ್ಮನೇಲೂ ಯಾರಿಗಾದ್ರೂ ಕೀಮೋ ನಡೀತಿದ್ರೆ, ಜೋಮನ್ನ "ವಯಸ್ಸಾಯ್ತಲ್ಲ" ಅಂತ ತಳ್ಳಿ ಹಾಕ್ಬೇಡಿ. ಮುಂದಿನ ಡೋಸಿಗೆ ಮೊದಲೇ ಡಾಕ್ಟರ ಹತ್ರ ಹೇಳಿ. ಡೋಸ್ ಕಡಿಮೆ ಮಾಡೋಕೆ, ಮುಂದೂಡೋಕೆ ಅವರಿಗೆ ದಾರಿ ಇದೆ.