ಭೂಮಿ ಚಪ್ಪಟೆಯಂತೆ!
ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಮುಂದಿಟ್ಟುಕೊಂಡು ಗೆಳೆಯನೊಬ್ಬ ಭೂಮಿ ಚಪ್ಪಟೆ ಅಂತ ವಾದಕ್ಕೆ ಕೂತ. ಓದಿದವನೇ ಮತ್ತೆ! ಗ್ರಹಣದ ದಿನ ಚಂದ್ರನ ಮೇಲೆ ಭೂಮಿಯ ನೆರಳು ಯಾವಾಗ್ಲೂ ದುಂಡಗೇ ಬೀಳುತ್ತಲ್ಲ ಅಂದರೆ, 'ಅದೆಲ್ಲ ನಿಮಗೆ ಹೇಳಿಕೊಟ್ಟಿದ್ದು' ಅಂದು ಇನ್ನಷ್ಟು ಚಟ್ನಿ ಹಾಕಿಸಿಕೊಂಡ.

ಇದೇನು ಹೊಸದಲ್ಲ ಬಿಡಿ. 1870ರಲ್ಲಿ ಇಂಗ್ಲೆಂಡಿನ ಹ್ಯಾಂಪ್ಡನ್ ಅನ್ನೋನು ಭೂಮಿ ಚಪ್ಪಟೆ ಅಂತಲೇ 500 ಪೌಂಡ್ ಬಾಜಿ ಕಟ್ಟಿದ್ದ. ವಿಜ್ಞಾನಿ ವ್ಯಾಲೇಸ್ ಉದ್ದನೆಯ ನೇರ ಕಾಲುವೆಯ ಮೇಲೆ ನೀರಿನಿಂದ ಒಂದೇ ಎತ್ತರಕ್ಕೆ ಗುರುತುಗಳನ್ನಿಟ್ಟು, ದೂರದರ್ಶಕದಲ್ಲಿ ನೋಡಿದರೆ ನಡುವಿನದು ಮೇಲೆದ್ದು ಕಾಣುತ್ತೆ, ಅಂದರೆ ನೀರಿನ ಮೈಯೇ ಬಾಗಿದೆ ಅಂತ ತೋರಿಸಿ ಗೆದ್ದ. ಹ್ಯಾಂಪ್ಡನ್ ಒಪ್ಪಿದನಾ? ವರ್ಷಗಟ್ಟಲೆ ಬೈದು ಪತ್ರ ಬರೆದು ಜೈಲಿಗೂ ಹೋಗಿ ಬಂದ.

ಇಂಥವರಿಗೆ ಬುದ್ಧಿ ಕಮ್ಮಿ ಅಂತ ನನಗೆ ಅನಿಸಲ್ಲ. ನಾಲ್ಕು ಜನರ ಮುಂದೆ ಆಡಿದ ಮಾತನ್ನು ವಾಪಸ್ ತಗೊಳ್ಳೋದು ಕಷ್ಟ, ಹೌದು ಹೌದು ಅನ್ನೋ ಗುಂಪೊಂದು ಸಿಕ್ಕಿಬಿಟ್ಟರಂತೂ ಇನ್ನೂ ಜಾಸ್ತಿ ಕಷ್ಟ, ಅಲ್ವಾ?