ಗುಂಡ, ಚಿನ್ನಿ ಮತ್ತು ಕಾರು: ಇಲ್ಲಿಯವರೆಗೆ ಆಗಿದ್ದು

ನಮ್ಮ ಮನೆಯ ಎರಡು ನಾಯಿಗಳಲ್ಲಿ ಗುಂಡನಿಗೆ ಹನ್ನೊಂದು ವರ್ಷ ಆಯಿತು. ಚಿನ್ನಿಗೆ ಇನ್ನೂ ಒಂದು ತುಂಬಿಲ್ಲ. ಇಬ್ಬರನ್ನೂ ಒಂದೇ ಕಾರಿನಲ್ಲಿ ಕರೆದುಕೊಂಡು ದೂರ ಹೋಗಬೇಕು, ಬೇರೆ ಜಾಗದಲ್ಲಿ ರಾತ್ರಿ ಉಳಿಯಬೇಕು, ಇಬ್ಬರೂ ನೆಮ್ಮದಿಯಾಗಿ ವಾಪಸ್ ಬರಬೇಕು. ಕೆಲವು ತಿಂಗಳಿಂದ ನಾನು ಹಿಡಿದಿರುವ ಕೆಲಸ ಇದು. ಎಲ್ಲಿಗೆ ಬಂದಿದೆ ಅಂತ ಬರೆದಿಡುತ್ತಿದ್ದೇನೆ, ಇದೇ ದಾರಿಯಲ್ಲಿ ಇರುವ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು.

ಇಬ್ಬರ ತೊಂದರೆಯೂ ಬೇರೆ ಬೇರೆ. ಗುಂಡನಿಗೆ ಹಿಂಗಾಲಿನ ಕೀಲು ಹಿಡಿದುಕೊಂಡಿದೆ. ಮೊದಲು ಕಾರಿನ ಡಿಕ್ಕಿ ತೆಗೆಯುವಷ್ಟರಲ್ಲಿ ಒಳಗೆ ಹಾರಿ ಕೂತಿರುತ್ತಿದ್ದವನು, ಈಗ ಮುಂದಿನ ಎರಡು ಕಾಲು ಮೇಲಿಟ್ಟು ನನ್ನ ಮುಖ ನೋಡುತ್ತಾನೆ. ಎತ್ತೋಣ ಅಂದರೆ 32 ಕಿಲೋ ಇದ್ದಾನೆ, ಹೊಟ್ಟೆ ಕೆಳಗೆ ಕೈ ಹಾಕಿದರೆ ಅವನಿಗೂ ನೋವು. ಚಿನ್ನಿಗೆ ಹತ್ತುವುದು ಕಷ್ಟವೇ ಅಲ್ಲ. ಕಾರು ಹೊರಟ ಸ್ವಲ್ಪ ಹೊತ್ತಿಗೇ ಜೊಲ್ಲು, ಆಮೇಲೆ ವಾಂತಿ.

ಒಂದು ವಿಷಯ ಶುರುವಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಯಾರನ್ನೂ ಎಳೆದು, ತಳ್ಳಿ ಕಾರಿಗೆ ಹತ್ತಿಸುವುದಿಲ್ಲ. ಎಷ್ಟೇ ತಡವಾಗಲಿ, ಹತ್ತುವುದು ಅವರಿಷ್ಟ. ಊರು ಸುತ್ತಬೇಕು ಅನ್ನುವುದು ನಮ್ಮ ಆಸೆ ತಾನೆ, ಅವರೇನು ಕೇಳಿರಲಿಲ್ಲ.

ರ‍್ಯಾಂಪ್

ಮೊದಲು ಗುಂಡನ ಕೆಲಸ. ನಮ್ಮ ಡಿಕ್ಕಿಯ ಅಂಚು ನೆಲದಿಂದ 65 ಸೆಂಟಿಮೀಟರ್ ಎತ್ತರದಲ್ಲಿದೆ. 120 ಸೆಂಟಿಮೀಟರ್ ಉದ್ದದ ಹಲಗೆ ಇಟ್ಟರೆ ಇಳಿಜಾರು 33 ಡಿಗ್ರಿ ಆಗುತ್ತದೆ, ಕೀಲು ನೋವಿರುವ ನಾಯಿಗೆ ಅದು ಗೋಡೆ ಹತ್ತಿದಂತೆ. 180 ಸೆಂಟಿಮೀಟರ್ ಮಾಡಿದರೆ 21 ಡಿಗ್ರಿಗೆ ಇಳಿಯುತ್ತದೆ. ಹಾಗಾಗಿ 180. ಅಗಲ 40, ಹಲಗೆ 12 ಮಿಲಿಮೀಟರ್ ಪ್ಲೈವುಡ್, ಕೆಳಗೆ ಎರಡೂ ಬದಿಗೆ ಉದ್ದಕ್ಕೆ ಮರದ ರೀಪರ್. ಕಾರಿನೊಳಗೆ ಇಡಬೇಕಲ್ಲ, ಅದಕ್ಕೆ ಮಧ್ಯದಲ್ಲಿ ಕತ್ತರಿಸಿ ಮಡಚುವ ಹಾಗೆ ಬಿಜಾಗರಿ ಹಾಕಿದೆ.

ಬಿಜಾಗರಿ ಹಾಕುವ ಜಾಗ ಇಲ್ಲಿ ತುಂಬಾ ಮುಖ್ಯ. ನಾಯಿ ನಡುಮಧ್ಯಕ್ಕೆ ಬಂದಾಗ ಹಲಗೆ ಕೆಳಕ್ಕೆ ಬಾಗಲು ನೋಡುತ್ತದೆ. ಬಿಜಾಗರಿ ಮೇಲಿದ್ದರೆ ಕೆಳಗಿನ ಸಂದಿ ಬಾಯಿ ಬಿಟ್ಟು ಇಡೀ ರ‍್ಯಾಂಪ್ ಮಡಚಿಕೊಂಡು ಕುಸಿಯುತ್ತದೆ. ರೀಪರಿನ ತಳಕ್ಕೆ ಹಾಕಿದರೆ ಮೇಲಿನ ಎರಡು ಅಂಚುಗಳು ಒಂದಕ್ಕೊಂದು ಒತ್ತಿಕೊಳ್ಳುತ್ತವೆ, ಭಾರ ಬಿದ್ದಷ್ಟೂ ಬಿಗಿ. ನಾಯಿ ಹತ್ತಿಸುವ ಮೊದಲು ಹಲಗೆಯ ನಡುವೆ ನಾನೇ ನಿಂತು, ಕುಣಿದು ನೋಡಿದೆ. ಅಲುಗಲಿಲ್ಲ.

ಮೇಲೆ ಏನು ಹಾಸುವುದು? ಕಾರ್ಪೆಟ್ ಚೆನ್ನಾಗಿ ಕಾಣುತ್ತೆ, ಆದರೆ ಎಳೆಗಳಿಗೆ ಉಗುರು ಸಿಕ್ಕಿಹಾಕಿಕೊಳ್ಳುತ್ತೆ. ಕಪ್ಪು ರಬ್ಬರ್ ಮ್ಯಾಟ್ ಅಂಟಿಸಿದೆ. ಎರಡೂ ಅಂಚಿಗೆ ಉದ್ದಕ್ಕೂ ಹಳದಿ ಟೇಪ್. ಅಂದಕ್ಕೆ ಅಲ್ಲ ಅದು. ನಾಯಿಗಳ ಕಣ್ಣಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ನಮಗೆ ಮೂರು. ಅವಕ್ಕೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತದೆ, ಕೆಂಪು ಮತ್ತು ಹಸಿರು ಒಂದರೊಳಗೊಂದು ಕಲಸಿಹೋಗುತ್ತದೆ. 1989ರಲ್ಲೇ ಸಂಶೋಧಕ ಜೇ ನೈಟ್ಸ್ ಮತ್ತು ಜೊತೆಗಾರರು ನಾಯಿಗಳಿಂದಲೇ ಬಣ್ಣ ಆರಿಸಿಸಿ ಇದನ್ನು ತೋರಿಸಿದ್ದಾರೆ. ಗುಂಡನ ಕಣ್ಣಿನಲ್ಲಿ ವಯಸ್ಸಿನ ಮಬ್ಬು ಬೇರೆ ಬಂದಿದೆ. ಅಂಚು ಎಲ್ಲಿದೆ ಅಂತ ಕಾಣದಿದ್ದರೆ ಯಾರು ತಾನೆ ಧೈರ್ಯವಾಗಿ ಹೆಜ್ಜೆ ಇಡುತ್ತಾರೆ? (ಅಂದಹಾಗೆ, ಹುಲ್ಲಿನಲ್ಲಿ ಆಡಲು ಕೆಂಪು ಚೆಂಡು ಕೊಂಡಿದ್ದರೆ ನೀಲಿಗೆ ಬದಲಾಯಿಸಿ ನೋಡಿ. ಚಿನ್ನಿ ಈಗ ಮೂಗಿನಿಂದ ಹುಡುಕುತ್ತಾ ನಿಲ್ಲುವುದಿಲ್ಲ, ನೇರವಾಗಿ ಓಡುತ್ತಾಳೆ.)

ರ‍್ಯಾಂಪನ್ನು ಕಾರಿನ ಹತ್ತಿರವೂ ಒಯ್ಯದೆ ಮೊದಲು ಅಂಗಳದಲ್ಲಿ ಚಪ್ಪಟೆಯಾಗಿ ಹಾಸಿಬಿಟ್ಟೆ. ಅದರ ಮೇಲೆ ನಡೆದರೆ ತಿಂಡಿ, ಅಷ್ಟೇ. ಆಮೇಲೆ ಒಂದು ತುದಿಗೆ ಒಂದು ಇಟ್ಟಿಗೆ, ಅದು ರೂಢಿಯಾದ ಮೇಲೆ ಇನ್ನೊಂದು, ಆಮೇಲೆ ಮೆಟ್ಟಿಲು. ಕಾರಿಗೆ ಹಾಕಿದ ದಿನ ಗುಂಡ ನಾಲ್ಕು ಹೆಜ್ಜೆ ಹತ್ತಿ ನಿಂತ. ಹಿಂದಿನ ಬಲಗಾಲು ಸಣ್ಣಗೆ ನಡುಗುತ್ತಿತ್ತು. ನಾನು ಏನೂ ಮಾತಾಡಲಿಲ್ಲ, ತಂಗಿ ಬದಿಯಲ್ಲಿ ಸುಮ್ನೆ ನಿಂತಿದ್ದಳು. ಅವನು ಮೂಗು ಕೆಳಗಿಟ್ಟು ಮ್ಯಾಟನ್ನು ಉದ್ದಕ್ಕೂ ಮೂಸಿದ, ನಡುವಿನ ಸಂದಿಯನ್ನು ಇನ್ನೊಂದು ಸಲ ಮೂಸಿದ, ಆಮೇಲೆ ಕಾಲು ಎಳೆದುಕೊಂಡು ನೇರವಾಗಿ ಮೇಲೆ ಹೋಗಿ ತನ್ನ ಹಳೇ ಜಾಗದಲ್ಲಿ ಬಿದ್ದುಕೊಂಡ. ನನಗೆ ಕಣ್ಣು ತುಂಬಿ ಬಂತು.

ಇಳಿಯುವುದನ್ನು ಬೇರೆಯಾಗಿ ಕಲಿಸಬೇಕು. ಇಳಿಯುವಾಗ ಭಾರ ಎಲ್ಲ ಮುಂಗಾಲಿಗೆ ಬರುತ್ತದೆ, ಆತುರವೂ ಜಾಸ್ತಿ, ಕೊನೆಯ ಭಾಗವನ್ನು ಹಾರಿಬಿಡಲು ನೋಡುತ್ತಾರೆ. ರ‍್ಯಾಂಪಿನ ಕೊನೆಯಲ್ಲಿ ತಿಂಡಿ ಇಟ್ಟೇ ಅವನನ್ನು ನಿಧಾನಕ್ಕೆ ತಂದೆವು.

ಚಿನ್ನಿಯ ಹೊಟ್ಟೆ

ಮರಿಗಳಿಗೆ ಕಾರಿನಲ್ಲಿ ವಾಂತಿಯಾಗುವುದು ದೊಡ್ಡ ನಾಯಿಗಳಿಗಿಂತ ಜಾಸ್ತಿ. ಸಮತೋಲನ ನೋಡಿಕೊಳ್ಳುವ ಒಳಕಿವಿ ಇನ್ನೂ ಪೂರ್ತಿ ಬಲಿತಿರುವುದಿಲ್ಲ ಅನ್ನುವುದು ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಬೆಳೆಯುತ್ತಾ ಎಷ್ಟೋ ನಾಯಿಗಳಿಗೆ ತಾನಾಗಿಯೇ ಸರಿಹೋಗುತ್ತದೆ. ಕಷ್ಟ ಏನಂದ್ರೆ, ಅಷ್ಟರಲ್ಲಿ ಕಾರು ಅಂದರೆ ಹೊಟ್ಟೆ ತೊಳಸುವ ಜಾಗ ಅಂತ ತಲೆಯಲ್ಲಿ ಕೂತುಬಿಡುತ್ತೆ.

ಚಿನ್ನಿಗೆ ಆಗಿದ್ದು ಅದೇ. ಕಾರಿನ ಕೀ ಸದ್ದು ಕೇಳಿದರೆ ಸಾಕು, ಮನೆಯೊಳಗೇ ಜೊಲ್ಲು ಶುರು. ರಷ್ಯಾದ ವಿಜ್ಞಾನಿ ಇವಾನ್ ಪಾವ್ಲೊವ್ ನಾಯಿಗಳಲ್ಲಿ ಕಂಡಿದ್ದೂ ಇಂಥದ್ದೇ ಅಲ್ವಾ. 1904ರಲ್ಲಿ ಆತನಿಗೆ ನೊಬೆಲ್ ಬಂದಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ, ಆದರೆ ಜನ ನೆನಪಿಟ್ಟುಕೊಂಡಿರುವುದು ಊಟದ ಸುಳಿವು ಸಿಕ್ಕ ಕೂಡಲೇ ಜೊಲ್ಲು ಸುರಿಸುವ ನಾಯಿಗಳನ್ನು. ನಮ್ಮ ಮನೆಯಲ್ಲಿ ಸುಳಿವು ಕೀ ಸದ್ದು, ಜೊಲ್ಲು ಮಾತ್ರ ಭಯದ್ದು. ಹಾಗಿದ್ದರೆ ಆ ಸದ್ದಿಗೆ ಬೇರೆ ಅರ್ಥ ಕೊಡಬಹುದಲ್ಲ? ದಿನಾ ಊಟಕ್ಕೆ ಮುಂಚೆ ಕೀ ಅಲ್ಲಾಡಿಸಿ ಕೆಳಗಿಡಲು ಶುರು ಮಾಡಿದೆ. ಎಲ್ಲಿಗೂ ಹೋಗುವುದಿಲ್ಲ, ಬರೀ ಕೀ ಸದ್ದು, ಆಮೇಲೆ ತಟ್ಟೆ.

ಕಾರಿನಲ್ಲೂ ಹಾಗೇ ಹಂತ ಹಂತವಾಗಿ ಹೋದೆವು. ಇಂಜಿನ್ ಆಫ್, ಎರಡೂ ಕಡೆ ಬಾಗಿಲು ತೆಗೆದಿದೆ, ಬೇಕಾದಾಗ ಬರಬಹುದು ಹೋಗಬಹುದು. ಆಮೇಲೆ ಬಾಗಿಲು ಹಾಕಿ ಸ್ವಲ್ಪ ಹೊತ್ತು. ಆಮೇಲೆ ಇಂಜಿನ್ ಆನ್, ಆದರೆ ಕಾರು ಅಲ್ಲೇ. ಆಮೇಲೆ ಬೀದಿ ಕೊನೆಯವರೆಗೆ ಹೋಗಿ ವಾಪಸ್. ಈ ಹಂತಗಳಲ್ಲಿ ನಾನು ನೋಡುತ್ತಿದ್ದುದು ವಾಂತಿಯನ್ನಲ್ಲ, ಅದಕ್ಕೂ ಮುಂಚೆ ಬರುವ ಗುರುತುಗಳನ್ನು. ಪದೇ ಪದೇ ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದೆ ಆಕಳಿಸುವುದು, ಗುಟುಕು ನುಂಗುವುದು, ಕೊನೆಗೆ ಜೊಲ್ಲು. ತುಟಿ ನೆಕ್ಕುವುದು ಜಾಸ್ತಿಯಾದ ಕೂಡಲೇ ಕಾರು ನಿಲ್ಲಿಸಿ ಕೆಳಗಿಳಿಸಿ ನಡೆಸುತ್ತಿದ್ದೆ. ಮಾರನೇ ದಿನ ಅದಕ್ಕಿಂತ ಸ್ವಲ್ಪ ಕಮ್ಮಿ ದೂರ.

ಹೊರಡುವ ಮೂರು-ನಾಲ್ಕು ಗಂಟೆ ಮುಂಚೆ ಊಟ ಮುಗಿಸಿರಬೇಕು, ನೀರು ಮಾತ್ರ ಸ್ವಲ್ಪ ಸ್ವಲ್ಪ. ಕಿಟಕಿ ಎರಡು ಬೆರಳಷ್ಟು ತೆಗೆದಿರುತ್ತದೆ, ತಲೆ ಹೊರಗೆ ಹಾಕುವಷ್ಟಲ್ಲ. ಗಾಳಿಗೆ ಬರುವ ಧೂಳು, ಹುಳ ಕಣ್ಣಿಗೆ ಹೊಡೆದರೆ ಗಾಯ ಆಗುತ್ತೆ. ದೂರದ ಪ್ರಯಾಣಕ್ಕೆ ಅಂತ ನಾಯಿ ಡಾಕ್ಟರ್ ಮರೋಪಿಟೆಂಟ್ ಮಾತ್ರೆ ಬರೆದುಕೊಟ್ಟಿದ್ದಾರೆ, ಅದು ನಾಯಿಗಳ ವಾಂತಿಗೇ ಇರುವ ಔಷಧ. ಡೋಸ್ ತೂಕದ ಮೇಲೆ, ಅವರು ಹೇಳಿದಷ್ಟೇ. ಮನೆಯಲ್ಲಿ ನಮಗೆ ಅಂತ ಇರುವ ಮಾತ್ರೆಗಳನ್ನು ಮುರಿದು ಕೊಡಲೇಬೇಡಿ. ಐಬುಪ್ರೊಫೆನ್, ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಹುದು.

ಈಗ ಹೇಗಿದೆ ಅಂದರೆ, ಅರ್ಧ ಗಂಟೆಯ ಓಡಾಟದಲ್ಲಿ ಮಾತ್ರೆ ಇಲ್ಲದೆಯೂ ಆರಾಮಾಗಿರುತ್ತಾಳೆ. ಕೀ ಸದ್ದಿಗೆ ಬಾಲ ಅಲ್ಲಾಡುತ್ತದೆ. ಅದೂ ಬಲಕ್ಕೆ ಜಾಸ್ತಿ ವಾಲಿಸಿಕೊಂಡು! ಇದನ್ನು ನಾನು ಕಲ್ಪಿಸಿಕೊಂಡು ಹೇಳುತ್ತಿಲ್ಲ. ನಾಯಿಗಳು ತಮ್ಮವರನ್ನು ಕಂಡಾಗ ಬಾಲ ಬಲಕ್ಕೆ ಹೆಚ್ಚು, ಜೋರು ಮಾಡುವ ಅಪರಿಚಿತ ನಾಯಿ ಕಂಡಾಗ ಎಡಕ್ಕೆ ಹೆಚ್ಚು ಬೀಸುತ್ತವೆ ಅಂತ 2007ರಲ್ಲಿ ಇಟಲಿಯ ಸಂಶೋಧಕರು ಅಳೆದು ತೋರಿಸಿದ್ದಾರೆ. ಅದನ್ನು ಓದಿದ ಮೇಲೆ ಬಾಲ ನೋಡುವುದು ನನಗೆ ಚಟವಾಗಿದೆ.

ರಾತ್ರಿ ಉಳಿದು ಬಂದಿದ್ದು

ಎರಡೂ ಕಡೆ ಸ್ವಲ್ಪ ಧೈರ್ಯ ಬಂದ ಮೇಲೆ ಒಂದು ರಾತ್ರಿಗೆ ಹೋಗಿಬಂದೆವು. ಹೊರಟಿದ್ದು ಬೆಳಗಿನ ಜಾವ, ಬಿಸಿಲೇರುವ ಮೊದಲು ತಲುಪಬೇಕು ಅಂತ. ಇಬ್ಬರಿಗೂ ಎದೆಪಟ್ಟಿ, ಅದರಿಂದ ಸೀಟ್ ಬೆಲ್ಟಿಗೆ ಗಿಡ್ಡ ಪಟ್ಟಿ. ಕತ್ತಿನ ಬೆಲ್ಟಿಗೆ ಯಾವತ್ತೂ ಕಟ್ಟಬಾರದು, ಗಟ್ಟಿಯಾಗಿ ಬ್ರೇಕ್ ಹಾಕಿದರೆ ಎಲ್ಲ ಎಳೆತವೂ ಕತ್ತಿಗೇ ಬೀಳುತ್ತೆ. ಸುಮಾರು ಎರಡು ಗಂಟೆಗೊಮ್ಮೆ ನೆರಳಿನಲ್ಲಿ ನಿಲ್ಲಿಸಿ, ಮೊದಲು ಹಗ್ಗ ಹಾಕಿ, ಆಮೇಲೆ ಬಾಗಿಲು ತೆಗೆಯುವುದು. ಈ ಕ್ರಮ ತಪ್ಪಲೇಬಾರದು, ಹೊಸ ಜಾಗದಲ್ಲಿ ನಾಯಿ ಬೆದರಿ ಓಡುವುದಕ್ಕೆ ಒಂದು ಕ್ಷಣ ಸಾಕು. ಇಬ್ಬರಿಗೂ ಚರ್ಮದ ಕೆಳಗೆ ಗುರುತಿನ ಮೈಕ್ರೋಚಿಪ್ ಇದೆ, ಅದರ 15 ಅಂಕಿಯ ನಂಬರ್ ಜೊತೆ ನಮ್ಮ ಈಗಿನ ಫೋನ್ ನಂಬರೇ ಇದೆಯಾ ಅಂತ ಹೊರಡುವ ಮೊದಲು ನೋಡಿಕೊಂಡೆವು. ಚಿಪ್ ತಾನಾಗಿ ಎಲ್ಲಿದ್ದೇನೆ ಅಂತ ಹೇಳುವುದಿಲ್ಲ, ಯಾರಾದರೂ ರೀಡರ್ ಹಿಡಿದು ಓದಿದಾಗ ಮಾತ್ರ ನಂಬರ್ ಸಿಗುತ್ತದೆ. ಅದಕ್ಕೇ ಕತ್ತಿನಲ್ಲಿ ಫೋನ್ ನಂಬರಿನ ಬಿಲ್ಲೆಯೂ ಇದೆ.

ನಿಲ್ಲಿಸಿದ ಕಾರಿನಲ್ಲಿ ನಾಯಿ ಬಿಟ್ಟು ಹೋಗುವ ಮಾತೇ ಇಲ್ಲ. "ಐದು ನಿಮಿಷ ಅಷ್ಟೇ" ಅನ್ನುವವರಿಗೆ ನಾನು ಇದನ್ನೇ ಹೇಳುವುದು: ಬಿಸಿಲಿನಲ್ಲಿ ನಿಂತ ಕಾರಿನ ಒಳಗೆ ಹತ್ತು ನಿಮಿಷದಲ್ಲೇ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಸ್ವಲ್ಪ ತೆಗೆದಿಟ್ಟರೂ ಹೆಚ್ಚು ವ್ಯತ್ಯಾಸ ಆಗುವುದಿಲ್ಲ. ನಾಯಿಯ ಮೈಬಿಸಿ ಮಾಮೂಲಿಯಾಗಿಯೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ದಾಟಿತು ಅಂದರೆ ಪ್ರಾಣಕ್ಕೇ ಅಪಾಯ. ಬೆವರು ಪಾದದಲ್ಲಿ ಒಂದಿಷ್ಟು ಬರುತ್ತದೆ, ಉಳಿದಂತೆ ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಣ್ಣಗಾಗಬೇಕು. ಒಳಗಿನ ಗಾಳಿಯೇ ಬಿಸಿಯಾಗಿದ್ದರೆ ಅದೂ ಕೆಲಸ ಮಾಡಲ್ಲ. ತಿಂಡಿಗೆ ನಿಲ್ಲಿಸಿದಾಗ ತಂಗಿ ಮತ್ತು ನಾನು ಸರದಿ ಮೇಲೆ ಒಳಗೆ ಹೋಗಿ ಬಂದೆವು.

ಟಾರು ರಸ್ತೆಗೆ ಕಾಲಿಡಿಸುವ ಮೊದಲು ಅಂಗೈಯ ಹಿಂಭಾಗ ನೆಲಕ್ಕಿಟ್ಟು ಏಳು ಸೆಕೆಂಡ್ ಎಣಿಸುವುದು, ತಡೆಯಲಾಗದಿದ್ದರೆ ಅವರ ಪಾದಕ್ಕೂ ಬೇಡ. ಗುಂಡನನ್ನು ಇಳಿಸಿದಾಗಲೆಲ್ಲ ರಕ್ತ ಸರಿಯಾಗಿ ಓಡುತ್ತಿದೆಯಾ ಅಂತ ಒಸಡನ್ನೂ ನೋಡುತ್ತೇನೆ. ಬೆರಳಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿಗೆ ತಿರುಗಬೇಕು. ಅವನು ಇದಕ್ಕೆ ಎಷ್ಟು ಒಗ್ಗಿದ್ದಾನೆ ಅಂದರೆ ನಾನು ಬಗ್ಗಿದರೆ ತಾನೇ ತುಟಿ ಮೇಲೆತ್ತುತ್ತಾನೆ.

ಉಳಿದ ಕೋಣೆಯಲ್ಲಿ ಮೊದಲ ಅರ್ಧ ಗಂಟೆ ಯಾರನ್ನೂ ಕರೆಯಲಿಲ್ಲ, ಮುದ್ದು ಮಾಡಲಿಲ್ಲ. ಮೂಲೆ ಮೂಲೆ ಮೂಸಲಿ ಅಂತ ಬಿಟ್ಟೆವು. ಹೊಸ ಜಾಗವನ್ನು ಅವರು ತಿಳಿದುಕೊಳ್ಳುವುದೇ ಮೂಗಿನಿಂದ, ಆ ಕೆಲಸದ ಮಧ್ಯೆ ಕೈ ಹಾಕಬಾರದು. ಮನೆಯಲ್ಲಿ ಅವರು ಮಲಗುವ ಹೊದಿಕೆಯನ್ನು ಒಗೆಯದೆ ಹಾಗೇ ತಂದಿದ್ದೆ. ಗುಂಡ ಅದನ್ನು ಕೆರೆದು ಗುಡ್ಡೆ ಮಾಡಿಕೊಂಡು ಬೇಗ ಮಲಗಿದ. ಚಿನ್ನಿ ಮಾತ್ರ ಹೊರಗೆ ಸದ್ದಾದಾಗಲೆಲ್ಲ ಎದ್ದು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದಳು, ಆಮೇಲೆ ಗುಂಡ ಏಳಲಿಲ್ಲ ಅಂತ ನೋಡಿ ವಾಪಸ್ ಬಂದು ಅವನ ಬೆನ್ನಿಗೆ ಒರಗಿ ಮಲಗುತ್ತಿದ್ದಳು. ಅವಳಿಗೆ ನಮಗಿಂತ ಅವನ ಮೇಲೇ ನಂಬಿಕೆ ಜಾಸ್ತಿ, ಅದು ನನಗೆ ತುಂಬಾ ಇಷ್ಟವಾದ ವಿಷಯ.

ಸದ್ಯಕ್ಕೆ ಬಾಕಿ ಇರುವುದು

ಒದ್ದೆ ನೆಲದಲ್ಲಿ ರ‍್ಯಾಂಪಿನ ಕೆಳತುದಿ ಸ್ವಲ್ಪ ಜಾರುತ್ತದೆ, ತಳಕ್ಕೆ ದಪ್ಪ ರಬ್ಬರ್ ಪಟ್ಟಿ ಹೊಡೆಯಬೇಕು. ಮೇಲ್ತುದಿಗೆ ಡಿಕ್ಕಿಯ ಕೊಂಡಿಗೆ ಸಿಕ್ಕಿಸುವ ಪಟ್ಟಿಯೂ ಬೇಕು. ಗುಂಡ ದೂರದ ಓಡಾಟದ ಮಾರನೇ ದಿನ ಬೆಳಗ್ಗೆ ಏಳುವಾಗ ಬಿಗಿಯಾಗಿರುತ್ತಾನೆ, ಅವನ ಹಾಸಿಗೆಗೆ ಇನ್ನೂ ದಪ್ಪ ಫೋಮ್ ಹಾಕಿ ನೋಡುತ್ತೇನೆ, ನಿಲ್ಲಿಸಿದಾಗ ನಡೆಸುವ ಹೊತ್ತನ್ನೂ ಸ್ವಲ್ಪ ಹೆಚ್ಚಿಸುತ್ತೇನೆ. ಚಿನ್ನಿಗೆ ತಿರುವು ಜಾಸ್ತಿ ಇರುವ ರಸ್ತೆ ಇನ್ನೂ ಕಷ್ಟ, ಅಲ್ಲಿಗೆ ಆತುರ ಇಲ್ಲ. ಎರಡು ರಾತ್ರಿಯ ಪ್ರಯಾಣ ಬಿಸಿಲು ಇಳಿದ ಮೇಲೆ. ನಿಮ್ಮಲ್ಲಿ ಯಾರಾದರೂ ವಯಸ್ಸಾದ ನಾಯಿಗೆ ಸೊಂಟದ ಕೆಳಗೆ ಹಾಕಿ ಎತ್ತುವ ಪಟ್ಟಿ ಬಳಸಿದ್ದರೆ, ಯಾವ ಅಳತೆ ಸರಿಹೋಯಿತು, ತೊಡೆಗೆ ಉಜ್ಜಿ ಕೂದಲು ಹೋಯಿತಾ ಅಂತ ಹೇಳಿ. ಮುಂದೆ ನೋಡಬೇಕಿರುವುದು ಅದನ್ನೇ.