ಪಾಡ್‌ಕಾಸ್ಟ್ ಕೇಳುವ ವ್ಯವಸ್ಥೆ: ಕೆಲಸ ಎಲ್ಲಿಗೆ ಬಂತು

ಒಂದು ಆಂಡ್ರಾಯ್ಡ್ ಫೋನು, ಒಂದು ಕಂಪ್ಯೂಟರು, ಮೂಲೆಗೆ ಬಿದ್ದಿರುವ ಹಳೇ ಎಂಪಿ3 ಪ್ಲೇಯರು. ಹೊಸದಾಗಿ ಪಾಡ್‌ಕಾಸ್ಟ್ ಕೇಳಲು ಹೊರಟವರಿಗೆ ಇಷ್ಟರಲ್ಲೇ ಕೆಲಸ ಆಗುವಂತೆ ಮಾಡುವುದು ಈ ಪ್ರಾಜೆಕ್ಟ್. ಷರತ್ತು ಮೂರು: ಹೊಸ ಎಪಿಸೋಡ್ ತಾನಾಗಿ ಫೋನಿಗೆ ಬಂದು ಕೂತಿರಬೇಕು, ಕೇಳಿ ಮುಗಿಸಿದ್ದು ತಾನಾಗಿ ಅಳಿಯಬೇಕು, ನಾಳೆ ಆಪ್ ಬದಲಾಯಿಸಿದರೂ ಶೋಗಳ ಪಟ್ಟಿ ಕೈತಪ್ಪಬಾರದು.

ಸದ್ಯಕ್ಕೆ ಚಂದಾ ಪಟ್ಟಿ, ಡೌನ್‌ಲೋಡ್, ಬ್ಯಾಕಪ್ ಮುಗಿದಿವೆ. ಫೋನು ಮತ್ತು ಕಂಪ್ಯೂಟರ್ ನಡುವಿನ ಸಿಂಕ್ ಅರ್ಧಕ್ಕೆ ನಿಂತಿದೆ. ಪ್ಲೇಯರ್‌ನದು ಈಗಷ್ಟೇ ಶುರುವಾಗಿದೆ.

ಆಪ್ ಆಯ್ಕೆ: ಮುಗಿದಿದೆ

ಆಂಟೆನಾಪಾಡ್ ಇಟ್ಟುಕೊಂಡಿದ್ದೇವೆ. ಓಪನ್ ಸೋರ್ಸ್, ಅಕೌಂಟ್ ಕೇಳುವುದಿಲ್ಲ, ಪ್ಲೇ ಸ್ಟೋರ್‌ನಲ್ಲೂ ಓಪನ್ ಸೋರ್ಸ್ ಆಪ್‌ಗಳ ಅಂಗಡಿ ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತದೆ. ಐಫೋನ್ ಇದ್ದವರಿಗೆ ಓವರ್‌ಕಾಸ್ಟ್ ಅಥವಾ ಪಾಕೆಟ್ ಕಾಸ್ಟ್ಸ್ ಆಗುತ್ತದೆ. ಫೋನಿನ ಜೊತೆಗೇ ಬರುವ ಆಪಲ್ ಪಾಡ್‌ಕಾಸ್ಟ್ಸ್ ಕೂಡ ಶುರು ಮಾಡಲು ಸಾಕು. ಅದರಲ್ಲಿ 2021ರಿಂದ ಉಚಿತ ಚಂದಾಕ್ಕೆ ಒತ್ತಬೇಕಾದದ್ದು ‘ಫಾಲೋ’ ಬಟನ್; ‘ಸಬ್‌ಸ್ಕ್ರೈಬ್’ ಅಂತ ಕಂಡರೆ ಅದು ದುಡ್ಡಿನ ಚಂದಾ.

ಆಪ್‌ನ ಬಣ್ಣ ಬೆಡಗು ನೋಡುವ ಮೊದಲು ಎರಡೇ ಪ್ರಶ್ನೆ ಕೇಳಿ. ಫೀಡ್ ವಿಳಾಸವನ್ನು (ಶೋನ ಎಪಿಸೋಡ್ ಪಟ್ಟಿ ಇರುವ ಫೈಲ್‌ನ ವಿಳಾಸ, ವಿವರ ಮುಂದಿದೆ) ಕೈಯಾರೆ ಅಂಟಿಸಲು ಜಾಗ ಇದೆಯೇ? ಚಂದಾ ಪಟ್ಟಿಯನ್ನು ಓಪಿಎಂಎಲ್ ಫೈಲ್ (ಬೇರೆ ಆಪ್‌ಗಳೂ ಓದಬಲ್ಲ ಪಟ್ಟಿ) ಆಗಿ ಹೊರಗೆ ತೆಗೆಯಬಹುದೇ? ಎರಡಕ್ಕೂ ಹೌದು ಅಂದರೆ ಯಾವ ಆಪ್ ಆದರೂ ನಡೆಯುತ್ತದೆ, ಇಷ್ಟವಾಗದಿದ್ದರೆ ಬದಲಾಯಿಸಬಹುದು. ಸ್ಪಾಟಿಫೈ ಈ ಪಟ್ಟಿಗೆ ಸೇರದಿರಲು ಇದೇ ಕಾರಣ, ಅಲ್ಲಿ ಫೀಡ್ ಅಂಟಿಸುವ ಜಾಗವೇ ಇಲ್ಲ. ಇದು ಅತಿಯಾದ ಎಚ್ಚರಿಕೆ ಅನ್ನಿಸಿದರೆ ಸ್ಟಿಚರ್ 2023ರಲ್ಲಿ, ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲಿ ಬಾಗಿಲು ಹಾಕಿದ್ದನ್ನು ನೆನೆಯಿರಿ. ಓಪಿಎಂಎಲ್ ತೆಗೆದಿಟ್ಟುಕೊಂಡಿದ್ದವರು ಐದು ನಿಮಿಷದಲ್ಲಿ ಬೇರೆ ಆಪ್‌ಗೆ ಹೋದರು.

ಚಂದಾ ಪಟ್ಟಿ: ಮುಗಿದಿದೆ

ಇಲ್ಲಿ ಒಂದಿಷ್ಟು ಹೊತ್ತು ನಿಲ್ಲಬೇಕು. ಫೀಡ್ ಏನೆಂದು ಅರ್ಥವಾದರೆ ಮುಂದೆ ಬರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ತಾವಾಗಿ ಬಿಡಿಸಿಕೊಳ್ಳುತ್ತವೆ.

ಪ್ರತಿ ಪಾಡ್‌ಕಾಸ್ಟ್‌ನ ಹಿಂದೆ ಒಂದು ಆರ್‌ಎಸ್‌ಎಸ್ ಫೀಡ್ ಇರುತ್ತದೆ. ಅದು ಇಂಟರ್ನೆಟ್‌ನಲ್ಲಿ ಎಲ್ಲೋ ಇಟ್ಟಿರುವ ಒಂದು ಪಠ್ಯ ಫೈಲ್, ಅಷ್ಟೆ. ಶೋ ಹೆಸರು, ಚಿತ್ರ, ಆಮೇಲೆ ಒಂದರ ಕೆಳಗೊಂದು ಎಪಿಸೋಡ್‌ಗಳು. ಪ್ರತಿ ಎಪಿಸೋಡ್‌ನಲ್ಲೂ ‘ಎನ್‌ಕ್ಲೋಷರ್’ ಎಂಬ ಒಂದು ಸಾಲು ಇದ್ದು ಅದರಲ್ಲಿ ಮೂರು ಸಂಗತಿ ಇರುತ್ತವೆ: ಆಡಿಯೋ ಫೈಲ್‌ನ ವಿಳಾಸ, ಬೈಟ್‌ಗಳಲ್ಲಿ ಅದರ ಗಾತ್ರ, ಫೈಲ್‌ನ ಬಗೆ. ಈ ಸಾಲು ಆರ್‌ಎಸ್‌ಎಸ್‌ಗೆ ಸೇರಿದ್ದು 2000ದ ಡಿಸೆಂಬರ್‌ನಲ್ಲಿ, 0.92ನೇ ಆವೃತ್ತಿಯಲ್ಲಿ. ಐಟ್ಯೂನ್ಸ್ 4.9 ಪಾಡ್‌ಕಾಸ್ಟ್‌ಗಳನ್ನು ತನ್ನೊಳಗೆ ತಂದದ್ದು 2005ರ ಜೂನ್‌ನಲ್ಲಿ. ಅಂದಿನಿಂದ ಇಂದಿಗೂ ಇದೇ ಸಾಲನ್ನು ಎಲ್ಲ ಆಪ್‌ಗಳೂ ಓದುತ್ತಿವೆ.

ಒಂದು ಉದಾಹರಣೆ. ಗಾತ್ರದ ಜಾಗದಲ್ಲಿ 43200000 ಅಂತ ಇದೆ ಅನ್ನಿ. 128 ಕೆಬಿಪಿಎಸ್ (ಸೆಕೆಂಡಿಗೆ 128 ಸಾವಿರ ಬಿಟ್) ಎಂಪಿ3 ಅಂದರೆ ಸೆಕೆಂಡಿಗೆ 16,000 ಬೈಟ್. ಭಾಗಿಸಿದರೆ 2,700 ಸೆಕೆಂಡ್, 45 ನಿಮಿಷ. ಆಪ್ ತೋರಿಸುವ ಅವಧಿ ಇದಕ್ಕೆ ಹತ್ತಿರ ಇದ್ದರೆ ಫೀಡ್ ಸರಿಯಿದೆ. ಕೆಲವು ಫೀಡ್‌ಗಳಲ್ಲಿ ಈ ಜಾಗದಲ್ಲಿ ಸೊನ್ನೆ ಇರುತ್ತದೆ. ಆಗ ಡೌನ್‌ಲೋಡ್‌ಗೆ ಮೊದಲು ಗಾತ್ರ ಕಾಣಿಸದಿದ್ದರೆ ಆಪ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಚಂದಾ ಆಗುವುದು ಅಂದರೆ ಈ ಫೈಲ್‌ನ ವಿಳಾಸವನ್ನು ನಿಮ್ಮ ಆಪ್ ನೆನಪಿಟ್ಟುಕೊಳ್ಳುವುದು. ನೀವು ಚಂದಾದಾರರು ಅಂತ ಶೋ ನಡೆಸುವವರಿಗೆ ಹೆಸರು, ಇಮೇಲ್ ಏನೂ ಹೋಗುವುದಿಲ್ಲ. ಆಪ್ ಆಗಾಗ ಹೋಗಿ ‘ಹೊಸದೇನಾದರೂ ಇದೆಯೇ’ ಅಂತ ಕೇಳುತ್ತದೆ. ಫೈಲ್ ಬದಲಾಗಿಲ್ಲದಿದ್ದರೆ ಸರ್ವರ್ 304 ಅಂತ ಚಿಕ್ಕದಾಗಿ ಉತ್ತರಿಸುತ್ತದೆ, ಡೇಟಾ ಹೆಚ್ಚು ಖರ್ಚಾಗುವುದಿಲ್ಲ.

ಆಂಟೆನಾಪಾಡ್‌ನಲ್ಲಿ ‘ಪಾಡ್‌ಕಾಸ್ಟ್ ಸೇರಿಸಿ’ ಪುಟಕ್ಕೆ ಹೋಗಿ ಶೋ ಹೆಸರು ಹಾಕಿ ಹುಡುಕಿ, ಶೋ ತೆರೆದು ಸಬ್‌ಸ್ಕ್ರೈಬ್ ಒತ್ತಿದರೆ ಮುಗಿಯಿತು. ಹೆಸರು ಸಿಗದಿದ್ದರೆ ಬೇರೆ ಲಿಪಿಯಲ್ಲಿ ಬರೆದು ನೋಡಿ. ಎಷ್ಟೋ ಶೋಗಳು ಒಂದು ಭಾಷೆಯಲ್ಲಿ ಮಾತಾಡಿ ಹೆಸರನ್ನು ಇನ್ನೊಂದು ಲಿಪಿಯಲ್ಲಿ ಬರೆದುಕೊಂಡಿರುತ್ತವೆ. ಅದೇ ಪುಟದಲ್ಲಿ ಹುಡುಕುವ ಜಾಗವನ್ನೂ ಬದಲಿಸಬಹುದು. ಆಪಲ್‌ನ ಪಟ್ಟಿಯಲ್ಲಿ ಇಲ್ಲದ್ದು ಪಾಡ್‌ಕಾಸ್ಟ್ ಇಂಡೆಕ್ಸ್‌ನಲ್ಲಿ ಸಿಗುವುದುಂಟು.

ಅಲ್ಲೂ ಸಿಗದಿದ್ದರೆ ಶೋನ ವೆಬ್‌ಸೈಟ್‌ನಿಂದ ಆರ್‌ಎಸ್‌ಎಸ್ ವಿಳಾಸ ಎತ್ತಿ ಅಂಟಿಸಬೇಕು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಫೀಡ್ ಬದಲು ವೆಬ್ ಪುಟದ ವಿಳಾಸ ಅಂಟಿಸುತ್ತಾರೆ, ಆಪ್ ‘ಇದು ಫೀಡ್ ಅಲ್ಲ’ ಅನ್ನುತ್ತದೆ. ಅನುಮಾನ ಬಂದರೆ ಆ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆಯಿರಿ: < > ಎಂಬ ಕೋನಾವರಣಗಳಿಂದ ತುಂಬಿದ ಒಣ ಪಠ್ಯ ಬಂದರೆ ಫೀಡ್, ಚಿತ್ರ ಬಟನ್‌ಗಳಿಂದ ತುಂಬಿದ ಪುಟ ಬಂದರೆ ಅಲ್ಲ. (ಕೆಲವು ಫೀಡ್‌ಗಳು ಬ್ರೌಸರ್‌ನಲ್ಲಿ ಚೆಂದ ಕಾಣುವಂತೆ ವೇಷ ಹಾಕಿಕೊಂಡು ಬರುತ್ತವೆ. ಆಗ ಪುಟದ ಸೋರ್ಸ್ ನೋಡಬೇಕು.) ಯೂಟ್ಯೂಬ್ ಚಾನೆಲ್‌ಗೂ ಒಂದು ಫೀಡ್ ಇದೆ, ಆದರೆ ಅದರಲ್ಲಿ ಎನ್‌ಕ್ಲೋಷರ್ ಸಾಲು ಇಲ್ಲದ ಕಾರಣ ಪಾಡ್‌ಕಾಸ್ಟ್ ಆಪ್‌ಗೆ ಡೌನ್‌ಲೋಡ್ ಮಾಡಲು ಆಡಿಯೋ ಸಿಗುವುದಿಲ್ಲ.

ಚಂದಾ ಆದಮೇಲೆ ಶೋನ ಮೊದಲ ಎಪಿಸೋಡ್ ಕಾಣಿಸದಿದ್ದರೆ ಅದೂ ಸಹಜ. ಹಳೇ ಶೋಗಳು ಫೀಡ್ ಹಗುರ ಇರಲೆಂದು ಇತ್ತೀಚಿನ ನೂರೋ ಮುನ್ನೂರೋ ಎಪಿಸೋಡ್ ಮಾತ್ರ ಇಟ್ಟು ಉಳಿದದ್ದನ್ನು ತೆಗೆಯುತ್ತವೆ. ಫೀಡ್‌ನಲ್ಲಿ ಇಲ್ಲದ್ದನ್ನು ಆಪ್ ತರಲಾರದು. ಒಂದೇ ಕಥೆಯನ್ನು ಸರಣಿಯಾಗಿ ಹೇಳುವ ಶೋ ಆದರೆ ಆ ಶೋನ ಪುಟದಲ್ಲಿ ವಿಂಗಡಣೆಯನ್ನು ‘ಹಳೆಯದು ಮೊದಲು’ ಅಂತ ಬದಲಿಸಿಕೊಳ್ಳಿ.

ಡೌನ್‌ಲೋಡ್: ಮುಗಿದಿದೆ, ಹೆಚ್ಚು ತಿಣುಕಾಡಿಸಿದ್ದು ಇದೇ

ಮೊದಲು ಲೆಕ್ಕ. 128 ಕೆಬಿಪಿಎಸ್‌ನಲ್ಲಿ ಒಂದು ಗಂಟೆಗೆ ಸುಮಾರು 58 ಎಂಬಿ, 64ರಲ್ಲಿ ಅದರ ಅರ್ಧ. ವಾರಕ್ಕೊಂದು 45 ನಿಮಿಷದ ಎಪಿಸೋಡ್ ಹಾಕುವ ಹತ್ತು ಶೋಗೆ ಚಂದಾ ಆದರೆ ವಾರಕ್ಕೆ 430 ಎಂಬಿ. ಅದು ದೊಡ್ಡದಲ್ಲ. ಏಳೂವರೆ ಗಂಟೆ ಕೇಳಬೇಕಲ್ಲ, ದೊಡ್ಡದು ಅದು. ಹಾಗಾಗಿ ಚಂದಾ ಎಷ್ಟಾದರೂ ಇರಲಿ, ಆಟೋ ಡೌನ್‌ಲೋಡ್ ಮಾತ್ರ ತಪ್ಪದೇ ಕೇಳುವ ಮೂರು ನಾಲ್ಕು ಶೋಗೆ ಸಾಕು. ಉಳಿದವು ಇನ್‌ಬಾಕ್ಸ್‌ನಲ್ಲಿ ಹೆಸರಾಗಿ ಬಂದು ಕೂರಲಿ; ಬೇಕಾದದ್ದನ್ನು ಕ್ಯೂಗೆ (ಮುಂದೆ ಕೇಳಬೇಕಾದವುಗಳ ಸಾಲಿಗೆ) ಹಾಕಿ, ಬೇಡದ್ದನ್ನು ಸರಿಸಿಬಿಡಿ.

ಈಗಿರುವ ಸೆಟ್ಟಿಂಗ್ ಹೀಗಿದೆ. ರಿಫ್ರೆಶ್ 12 ಗಂಟೆಗೊಮ್ಮೆ. ವಾರಕ್ಕೊಮ್ಮೆ ಬರುವ ಶೋಗೆ ಗಂಟೆಗೊಮ್ಮೆ ಇಣುಕಿದರೆ ಬ್ಯಾಟರಿ ದಂಡ. ಎಪಿಸೋಡ್ ಮಿತಿ 25, ಅಂದರೆ 1.1 ಜಿಬಿ ಆಸುಪಾಸು. ಕೇಳಿ ಮುಗಿಸಿದ್ದು ಅಳಿಯುವಂತೆ, ಮೆಚ್ಚಿನ ಗುರುತು ಹಾಕಿದ್ದು ಉಳಿಯುವಂತೆ ಇಟ್ಟಿದೆ. ಸುದ್ದಿ ಶೋ ಒಂದರಲ್ಲಿ ಮುಖ್ಯ ಎಪಿಸೋಡ್ ನಡುವೆ ಎರಡು ನಿಮಿಷದ ಟ್ರೇಲರ್‌ಗಳು ನುಗ್ಗುತ್ತಿದ್ದವು. ಆ ಶೋನ ಸೆಟ್ಟಿಂಗ್‌ನಲ್ಲಿ ಅವಧಿಯ ಫಿಲ್ಟರ್ ಹಾಕಿದ ಮೇಲೆ ನಿಂತವು.

ಡೌನ್‌ಲೋಡ್ ಆಗಿಯೇ ಇಲ್ಲ ಅಂದಾಗ ನೋಡಬೇಕಾದದ್ದು ಎರಡು. ಒಂದು, ಫೋನಿನ ಬ್ಯಾಟರಿ ಉಳಿತಾಯ. ಆಂಡ್ರಾಯ್ಡ್ 6ರಿಂದ ಈಚೆಗೆ ಸುಮ್ಮನಿಟ್ಟ ಫೋನು ಹಿನ್ನೆಲೆಯ ಕೆಲಸಗಳನ್ನು ತಡೆಹಿಡಿಯುತ್ತದೆ, ಕೆಲವು ತಯಾರಕರು ಅದರ ಮೇಲೆ ತಮ್ಮದೂ ಒಂದು ಬಿಗಿ ಹಾಕಿರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಆಪ್‌ನ ಬ್ಯಾಟರಿ ವಿಭಾಗಕ್ಕೆ ಹೋಗಿ ‘ನಿರ್ಬಂಧವಿಲ್ಲ’ ಆರಿಸಿ. ಎರಡನೆಯದು ಬೇಗ ಹೊಳೆಯುವುದಿಲ್ಲ: ಇನ್ನೊಂದು ಫೋನಿನ ಹಾಟ್‌ಸ್ಪಾಟ್‌ಗೆ ಸೇರಿದರೆ ಆಂಡ್ರಾಯ್ಡ್ ಅದನ್ನು ಮೀಟರ್ಡ್ ನೆಟ್‌ವರ್ಕ್ (ಡೇಟಾ ಲೆಕ್ಕ ಇಡಬೇಕಾದ ಸಂಪರ್ಕ) ಎಂದು ಗುರುತಿಸಬಹುದು. ಪರದೆಯ ಮೇಲೆ ವೈಫೈ ಚಿಹ್ನೆ ಇರುತ್ತದೆ, ಆಪ್ ಮಾತ್ರ ‘ನಿಜವಾದ’ ವೈಫೈಗೆ ಕಾಯುತ್ತಾ ಕೂತಿರುತ್ತದೆ. ಆ ನೆಟ್‌ವರ್ಕ್‌ನ ವಿವರಕ್ಕೆ ಹೋಗಿ ‘ಮೀಟರ್ ಇಲ್ಲ’ ಅಂತ ಬದಲಿಸಿದರೆ ಸಾಲಾಗಿ ಇಳಿಯತೊಡಗುತ್ತವೆ.

ಹಳೇ ಎಪಿಸೋಡ್‌ಗಳೆಲ್ಲ ಒಮ್ಮೆಲೇ ಹೊಸವಾಗಿ ಬಂದವೇ? ಶೋ ಬೇರೆ ಹೋಸ್ಟಿಂಗ್‌ಗೆ (ಫೈಲ್‌ಗಳನ್ನು ಇಡುವ ಸೇವೆಗೆ) ಹೋಗಿರುತ್ತದೆ. ಪ್ರತಿ ಎಪಿಸೋಡ್‌ಗೂ ಫೀಡ್‌ನಲ್ಲಿ ಒಂದು ಗುರುತಿನ ಸಂಖ್ಯೆ ಇದೆ, ಜಿಯುಐಡಿ ಅನ್ನುತ್ತಾರೆ. ಸ್ಥಳಾಂತರದಲ್ಲಿ ಅದು ಬದಲಾದರೆ ಆಪ್‌ಗೆ ಅದು ಹೊಸ ಎಪಿಸೋಡೇ. ಎಲ್ಲವನ್ನೂ ಆರಿಸಿ ‘ಕೇಳಿದೆ’ ಅಂತ ಗುರುತು ಹಾಕುವುದೊಂದೇ ದಾರಿ. ಮೇಲೆ ಹೇಳಿದ 25ರ ಮಿತಿ ಇಂಥ ಹೊತ್ತಿನಲ್ಲಿ ಫೋನನ್ನು ಕಾಯುತ್ತದೆ.

ಇನ್ನು ದೋಷದ ಸಂಖ್ಯೆಗಳು. 404 ಬಂದರೆ ವಿಳಾಸ ಬದಲಾಗಿರಬಹುದು, ಹೆಸರಿನಿಂದ ಮತ್ತೆ ಹುಡುಕಿ. 410 ಅಂದರೆ ಬೇಕೆಂದೇ ತೆಗೆದಿದ್ದಾರೆ. ದುಡ್ಡು ಕೊಟ್ಟ ಖಾಸಗಿ ಫೀಡ್‌ನಲ್ಲಿ 401 ಅಥವಾ 403 ಬಂದರೆ ಚಂದಾ ಅವಧಿ ಮುಗಿದಿದೆಯೇ ನೋಡಿ.

ಸ್ಟ್ರೀಮ್ ಬೇಡ, ಡೌನ್‌ಲೋಡ್ ಮಾಡಿ

ನೆಟ್ ಚೆನ್ನಾಗಿದ್ದರೂ ನಮ್ಮ ಸಲಹೆ ಇದೇ. ಈಗ ಬಹಳಷ್ಟು ಶೋಗಳಲ್ಲಿ ಜಾಹೀರಾತು ಫೈಲ್‌ನಲ್ಲಿ ಮೊದಲೇ ಇರುವುದಿಲ್ಲ, ನೀವು ಫೈಲ್ ತರಿಸಿಕೊಳ್ಳುವ ಕ್ಷಣದಲ್ಲಿ ಸರ್ವರ್ ಅದನ್ನು ಸೇರಿಸಿ ಕಳಿಸುತ್ತದೆ. ಸ್ಟ್ರೀಮ್ ಮಾಡುವಾಗ ಆಪ್ ಫೈಲನ್ನು ತುಂಡು ತುಂಡಾಗಿ ತರಿಸಿಕೊಳ್ಳುತ್ತದೆ. ಬೆಳಿಗ್ಗೆ ನಿಲ್ಲಿಸಿ ಸಂಜೆ ಮುಂದುವರಿಸಿದರೆ ಸಂಜೆಗೆ ಬರುವ ತುಂಡು ಬೇರೆ ಜಾಹೀರಾತು ಸೇರಿದ ಬೇರೆ ಉದ್ದದ ಫೈಲಿನದಾಗಿರಬಹುದು. ಆಗ ಒಂದು ವಾಕ್ಯ ಎರಡು ಸಲ ಕೇಳಿಸುತ್ತದೆ, ಇಲ್ಲವೇ ಅರ್ಧ ನಿಮಿಷದ ಮಾತು ಹಾರಿಹೋಗುತ್ತದೆ. ಎಪಿಸೋಡ್ ವಿವರಣೆಯಲ್ಲಿ ಕೊಟ್ಟ ‘12:40ಕ್ಕೆ ನೋಡಿ’ ಎಂಬ ಗುರುತು ತಪ್ಪಾಗುವುದೂ ಇದರಿಂದಲೇ. ಡೌನ್‌ಲೋಡ್ ಮಾಡಿದರೂ ಈ ಸಮಯದ ಗುರುತು ಒಂದೆರಡು ನಿಮಿಷ ಆಚೀಚೆ ಆಗಬಹುದು, ಆದರೆ ನಡುವೆ ಹಾರುವ ಕಾಟ ಇರುವುದಿಲ್ಲ.

ಕೇಳುವ ಸೆಟ್ಟಿಂಗ್: ಮುಗಿದಿದೆ

ವೇಗ 1.25ರಿಂದ ಶುರು ಮಾಡಿ. ಒಂದು ಗಂಟೆಯದು 48 ನಿಮಿಷಕ್ಕೆ ಮುಗಿಯುತ್ತದೆ. ಎಲ್ಲ ಶೋಗೂ ಒಂದೇ ವೇಗ ಇಡಬೇಡಿ, ಸಂಗೀತ ಇರುವ ಶೋ 1ರಲ್ಲೇ ಇರಲಿ. ಮೌನ ಕತ್ತರಿಸುವ ಸೌಲಭ್ಯ ಸಂದರ್ಶನಕ್ಕೆ ಒಳ್ಳೆಯದು, ಕಥನಕ್ಕೆ ಬೇಡ. ಅಲ್ಲಿ ಮೌನವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಪ್ರತಿ ಸಲವೂ ಅದೇ 40 ಸೆಕೆಂಡ್ ಮುಖಗೀತೆ ಬೇಸರ ತರಿಸಿದರೆ ಆ ಶೋಗೆ ಮಾತ್ರ ಮೊದಲ 40 ಸೆಕೆಂಡ್ ಹಾರಿಸುವಂತೆ ಇಡಬಹುದು.

ಒಂದು ಶೋ ಕಿರುಚುತ್ತದೆ, ಮುಂದಿನದು ಪಿಸುಗುಟ್ಟುತ್ತದೆ ಎಂಬ ದೂರು ಇಯರ್‌ಫೋನಿನದಲ್ಲ. ಆಪಲ್ ಶಿಫಾರಸು ಮಾಡುವ ಮಟ್ಟ ಮೈನಸ್ 16 ಎಲ್‌ಕೆಎಫ್‌ಎಸ್ (ಸದ್ದಿನ ಜೋರನ್ನು ಅಳೆಯುವ ಮಾನ). ಅದನ್ನು ಪಾಲಿಸದ ಶೋಗಳು ಬೇಕಾದಷ್ಟಿವೆ. ಶೋವಾರು ವಾಲ್ಯೂಮ್ ಹೊಂದಾಣಿಕೆಯಲ್ಲಿ ಜೋರಿನದನ್ನು ಒಂದು ಮೆಟ್ಟಿಲು ಇಳಿಸಿ. ಸಣ್ಣದನ್ನು ಏರಿಸುವುದಕ್ಕಿಂತ ಇದು ಮೇಲು, ಏರಿಸಿದರೆ ಹಿನ್ನೆಲೆಯ ಗುಂಯ್ ಎನ್ನುವ ಸದ್ದೂ ಏರುತ್ತದೆ.

ಬ್ಯಾಕಪ್: ಮುಗಿದಿದೆ

ಓಪಿಎಂಎಲ್ ಫೈಲ್ ಕೆಲವೇ ಕೆಬಿ. ಅದರಲ್ಲಿ ಶೋ ಹೆಸರು ಮತ್ತು ಫೀಡ್ ವಿಳಾಸ ಇರುತ್ತವೆ. ಎಲ್ಲಿವರೆಗೆ ಕೇಳಿದಿರಿ, ಕ್ಯೂನಲ್ಲಿ ಏನಿತ್ತು ಎಂಬುದು ಇರುವುದಿಲ್ಲ. ಅದೆಲ್ಲ ಬೇಕಾದರೆ ಡೇಟಾಬೇಸ್ ಎಕ್ಸ್‌ಪೋರ್ಟ್ ಮಾಡಿ, ಆದರೆ ಅದು ಆಂಟೆನಾಪಾಡ್‌ಗೆ ಮಾತ್ರ ಅರ್ಥವಾಗುತ್ತದೆ. ಎರಡನ್ನೂ ತೆಗೆದು ಫೋನಿನ ಹೊರಗೆ ಇಟ್ಟಿದ್ದೇವೆ. ಒಂದು ಎಚ್ಚರಿಕೆ: ಖಾಸಗಿ ಫೀಡ್‌ನ ವಿಳಾಸದಲ್ಲೇ ನಿಮ್ಮ ಗುಪ್ತ ಕೀಲಿ ಅಡಗಿರುತ್ತದೆ. ಓಪಿಎಂಎಲ್ಲನ್ನು ಸ್ನೇಹಿತರಿಗೆ ಕಳಿಸುವ ಮುನ್ನ ಆ ಸಾಲುಗಳನ್ನು ಅಳಿಸಿ.

ಸಿಂಕ್: ಅರ್ಧ

ಕಂಪ್ಯೂಟರ್‌ನಲ್ಲಿ ಜಿಪಾಡರ್ ಎಂಬ ಪಾಡ್‌ಕಾಸ್ಟ್ ಆಪ್ ಇದೆ. ಜಿಪಾಡರ್ ಡಾಟ್ ನೆಟ್ ಎಂಬ ಸಿಂಕ್ ಸೇವೆಯ ಮೂಲಕ ಚಂದಾ ಪಟ್ಟಿ ಎರಡೂ ಕಡೆ ಒಂದೇ ಆಗಿದೆ. ಕೇಳುತ್ತಿದ್ದ ಜಾಗ ಮಾತ್ರ ಕಂಪ್ಯೂಟರ್‌ನಿಂದ ಫೋನಿಗೆ ಬರುತ್ತಿಲ್ಲ. ಜಿಪಾಡರ್ ಆಡಿಯೋವನ್ನು ತಾನೇ ನುಡಿಸದೆ ಬೇರೆ ಪ್ಲೇಯರ್‌ಗೆ ಒಪ್ಪಿಸುತ್ತದೆ, ಆ ಪ್ಲೇಯರ್ ‘ಇಲ್ಲಿಗೆ ನಿಲ್ಲಿಸಿದೆ’ ಅಂತ ವಾಪಸ್ ಹೇಳದಿದ್ದರೆ ಸಿಂಕ್ ಮಾಡಲು ಅದರ ಬಳಿ ಏನೂ ಇರುವುದಿಲ್ಲ. ಸದ್ಯಕ್ಕೆ ಒಂದು ಎಪಿಸೋಡನ್ನು ಒಂದೇ ಸಾಧನದಲ್ಲಿ ಮುಗಿಸುವುದೇ ಉಪಾಯ. ಸ್ವಂತ ನೆಕ್ಸ್ಟ್‌ಕ್ಲೌಡ್ (ಫೈಲ್ ಇಟ್ಟು ಹಂಚಿಕೊಳ್ಳುವ ತಂತ್ರಾಂಶ) ಸರ್ವರ್ ಇದ್ದವರು ಅದರ ಮೂಲಕವೂ ಸಿಂಕ್ ಮಾಡಬಹುದು. ಅದನ್ನು ಮುಂದಿನ ಸುತ್ತಿಗೆ ಇಟ್ಟಿದ್ದೇವೆ.

ಎಂಪಿ3 ಪ್ಲೇಯರ್: ಶುರು

ಹಳೇ ಪ್ಲೇಯರ್‌ಗೆ ಎಂ4ಎ ಬಗೆಯ ಆಡಿಯೋ ಫೈಲ್ ಹಿಡಿಸುತ್ತಿಲ್ಲ, ಫೈಲ್‌ನ ಬಗೆ ಬದಲಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಲ್ಲಿ ಮೊನೊ, 64 ಕೆಬಿಪಿಎಸ್ ಎಂಪಿ3 ಮಾಡಿ ಹಾಕುತ್ತಿದ್ದೇವೆ. ಮಾತಿಗೆ ಅಷ್ಟು ಸಾಕು, ಗಂಟೆಗೆ 29 ಎಂಬಿಯಲ್ಲಿ ಮುಗಿಯುತ್ತದೆ. ಎಪಿಸೋಡ್‌ಗಳ ಕ್ರಮ ಕೆಡುತ್ತಿರುವುದು ಇನ್ನೂ ಬಗೆಹರಿದಿಲ್ಲ: ಪ್ಲೇಯರ್ ಫೈಲ್ ಹೆಸರಿನ ಅಕ್ಷರಾನುಕ್ರಮ ಹಿಡಿಯುತ್ತದೆ, ಹೆಸರುಗಳಲ್ಲಿ ದಿನಾಂಕ ಇಲ್ಲ. ಡೌನ್‌ಲೋಡ್ ಆದಮೇಲೆ ಹೆಸರು ಬದಲಿಸುವ ಎಕ್ಸ್‌ಟೆನ್ಶನ್ ಜಿಪಾಡರ್‌ನಲ್ಲೇ ಇದೆ. ಅದರಲ್ಲಿ ದಿನಾಂಕ ಸೇರಿಸುವ ಆಯ್ಕೆ ಹಾಕಿ, ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರುವಂತೆ ನೋಡಿಕೊಳ್ಳಬೇಕು. ದಿನ ಮೊದಲು ಬಂದರೆ ಎಲ್ಲ ತಿಂಗಳ 1ನೇ ತಾರೀಖೂ ಒಟ್ಟಿಗೆ ಸೇರಿ ಕ್ರಮ ಮತ್ತೆ ಕಲಸುತ್ತದೆ.